ಮಲೆನಾಡಿನಲ್ಲಿ ಬಸ್ಸನ್ನೇ ನಂಬಿ ಓಡಾಡುವವರು ತಿಳಿದಿರಬೇಕಾದದ್ದು

ತೀರ್ಥಹಳ್ಳಿ, ಕೊಪ್ಪ, ಹೊಸನಗರದ ಸೀಮೆಯ ಹಳ್ಳಿಯೊಂದಕ್ಕೆ ಶಿಕ್ಷಕರಾಗಿಯೋ ಆರೋಗ್ಯ ಸಹಾಯಕಿಯಾಗಿಯೋ ವರ್ಗವಾಗಿ ಬಂದವರು ಎಲ್ಲಕ್ಕಿಂತ ಮೊದಲು ಸಂಜೆಯ ಕೊನೆಯ ಬಸ್ಸಿನ ಸಮಯವನ್ನು ವಿಚಾರಿಸಿಕೊಳ್ಳಬೇಕು. ಬೆಳಗಿನ ಬಸ್ಸು ತಪ್ಪಿದರೆ ತಡವಾಗುತ್ತದೆ, ಅಷ್ಟೇ. ಸಂಜೆಯದು ತಪ್ಪಿದರೆ ರಾತ್ರಿ ಯಾರದಾದರೂ ಮನೆಯ ಜಗುಲಿಯೇ ಗತಿ.

ವೇಳೆಯನ್ನು ಮೊಬೈಲಿನಲ್ಲಿ ಹುಡುಕುವುದಕ್ಕಿಂತ ನಿಲ್ದಾಣದಲ್ಲಿ ಕೇಳುವುದು ಲೇಸು. ಸರ್ಕಾರಿ ಬಸ್ಸಿಗೆ ಸಂಚಾರ ನಿಯಂತ್ರಕರನ್ನು, ಖಾಸಗಿ ಬಸ್ಸಿಗೆ ಅಲ್ಲಿನ ಏಜೆಂಟರನ್ನು ಕೇಳಿ, ಭಾನುವಾರ ಮತ್ತು ಶಾಲೆಯ ರಜಾ ದಿನಗಳಲ್ಲಿಯೂ ಅದು ಓಡುತ್ತದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಊರಿನವರ ನೆನಪಿನ ವೇಳಾಪಟ್ಟಿಯನ್ನು ಮಾತ್ರ ಸ್ವಲ್ಪ ಎಚ್ಚರದಿಂದ ನಂಬಬೇಕು: ಕೊಪ್ಪದಲ್ಲಿ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ‘ಸಹಕಾರ ಸಾರಿಗೆ’ 2020ರಲ್ಲಿ ನಿಂತುಹೋಗಿದ್ದರೂ, ಅದರ ಬಸ್ಸಿನ ಹೊತ್ತನ್ನೇ ಹೇಳುವ ಹಿರಿಯರು ಸಿಕ್ಕಾರು.

ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಕೊಡುವ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಖಾಸಗಿ ಬಸ್ಸುಗಳಿಗೆ ಅನ್ವಯಿಸುವುದಿಲ್ಲ. ಮಲೆನಾಡಿನ ಎಷ್ಟೋ ದಾರಿಗಳಲ್ಲಿ ಖಾಸಗಿಯವರದೇ ಮೇಲುಗೈಯಾದ್ದರಿಂದ ಮಹಿಳೆಯರು ಚಿಲ್ಲರೆ ಇಟ್ಟುಕೊಂಡೇ ಹೊರಡುವುದು ಒಳ್ಳೆಯದು. ಸರ್ಕಾರಿ ಬಸ್ಸು ಸಿಕ್ಕಾಗ ರಾಜ್ಯದ ವಿಳಾಸವುಳ್ಳ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟನ್ನು ಮರೆಯದೆ ಪಡೆಯಬೇಕು.

ನಿಜವಾದ ಪರೀಕ್ಷೆ ಮಳೆಗಾಲದ್ದು. ಜಡಿಮಳೆಗೆ ಬಸ್ಸಿನ ಪಕ್ಕದ ಟಾರ್ಪಾಲುಗಳನ್ನೆಲ್ಲ ಇಳಿಬಿಟ್ಟರೆ ಹೊರಗೆ ಯಾವ ಊರು ದಾಟಿತೆಂಬುದೇ ತಿಳಿಯುವುದಿಲ್ಲ. ಅನೇಕ ನಿಲುಗಡೆಗಳಿಗೆ ಫಲಕವೂ ಇರುವುದಿಲ್ಲ. ಅವು ಮೋರಿ, ಅಶ್ವತ್ಥಕಟ್ಟೆ ಅಥವಾ ಯಾರದೋ ಅಡಿಕೆ ತೋಟದ ಹೆಸರಿನಿಂದಲೇ ಪರಿಚಿತ. ಆದ್ದರಿಂದ ನೀವು ಇಳಿಯುವ ಜಾಗವನ್ನು ಸ್ಥಳೀಯರು ಏನೆಂದು ಕರೆಯುತ್ತಾರೋ ಅದೇ ಹೆಸರನ್ನು ಟಿಕೆಟ್ ಕೊಳ್ಳುವಾಗಲೇ ಕಂಡಕ್ಟರಿಗೆ ಹೇಳಿಡಿ. ಕಾಯುವಾಗ ತಿರುವಿನಲ್ಲಿ ನಿಲ್ಲದೆ, ಚಾಲಕನಿಗೆ ದೂರದಿಂದಲೇ ಕಾಣುವಂತೆ ನೇರ ರಸ್ತೆಯ ಅಂಚಿನಲ್ಲಿ ನಿಂತು, ಮಂಜು ಕವಿದಿದ್ದರೆ ಟಾರ್ಚ್ ಬೆಳಗಿಸಿ.

ಉಡುಪಿ, ಮಣಿಪಾಲದ ಆಸ್ಪತ್ರೆಗಳಿಗೆ ಆಗುಂಬೆ ಘಾಟಿಯಿಂದ ಇಳಿಯುವವರು ಹೊರಡುವ ಹಿಂದಿನ ದಿನವೇ ದಾರಿಯ ಸ್ಥಿತಿ ತಿಳಿದುಕೊಳ್ಳಬೇಕು. ಕಡಿದಾದ ತಿರುವುಗಳ ಆ ರಸ್ತೆಯಲ್ಲಿ ಮಳೆಗಾಲದಲ್ಲಿ ಭಾರಿ ವಾಹನಗಳನ್ನು ನಿಷೇಧಿಸುವುದುಂಟು. ಗುಡ್ಡ ಕುಸಿದರೆ ಮಿನಿ ಬಸ್ಸೂ ಇಲ್ಲ. ವೈದ್ಯರ ಭೇಟಿಯ ಸಮಯ ನಿಗದಿಯಾಗಿದ್ದಲ್ಲಿ ಹಿಂದಿನ ಸಂಜೆಯೇ ಘಾಟಿ ಇಳಿದುಬಿಡುವುದು ಕ್ಷೇಮ.

ಕೊನೆಯ ಬಸ್ಸು ಕೈಕೊಟ್ಟ ದಿನಕ್ಕೆಂದು ಪೇಟೆಯ ಆಟೋದವರೊಬ್ಬರ ಮೊಬೈಲ್ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡು, ನೆಟ್‌ವರ್ಕ್ ಸಿಗುವ ದಿಬ್ಬ ಯಾವುದೆಂದು ಮೊದಲೇ ಕೇಳಿಟ್ಟುಕೊಳ್ಳಿ.