ಕೀವು ತೆಗೆದೆವು, ಕರುಳು ಬಿಟ್ಟೆವು

ಎಡಗಡೆ ಕೆಳಹೊಟ್ಟೆ ನೋವು, ಜ್ವರ ಅಂತ ಅರವತ್ತು ದಾಟಿದವರು ಬಂದರೆ, ಶಿರಸಿಯಲ್ಲಿ ಸರ್ಜನ್ ಆಗಿರುವ ನಾನು ಮಂಡಿನೋವಿನ ಮಾತ್ರೆಯ ವಿಚಾರವನ್ನೂ ಕೇಳುತ್ತೇನೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ನಮ್ಮ ತೋಟದವರು ಡೈಕ್ಲೋಫೆನಾಕನ್ನು ಎಲೆಅಡಿಕೆ ಕವಳದಷ್ಟೇ ಸಲೀಸಾಗಿ ಬಾಯಿಗೆ ಹಾಕಿಕೊಳ್ಳುತ್ತಾರೆ.

ದೊಡ್ಡ ಕರುಳಿನ ಗೋಡೆಯಲ್ಲಿ ರಕ್ತನಾಳ ಹೊಕ್ಕುವ ಜಾಗ ದುರ್ಬಲ. ವಯಸ್ಸಾದ ಹಾಗೆ ಅಲ್ಲಿ ಒಳಪದರ ಹೊರಗೆ ಉಬ್ಬಿ ಸಣ್ಣ ಚೀಲಗಳಾಗುತ್ತವೆ. ಹೆಚ್ಚಿನವರಿಗೆ ಅವು ಇರುವುದೇ ಗೊತ್ತಿರುವುದಿಲ್ಲ. ಚೀಲ ಬಾತುಕೊಂಡರೆ ಡೈವರ್ಟಿಕ್ಯುಲೈಟಿಸ್. ಅದು ತೂತಾಗಿ ಕೀವು ಕಟ್ಟಿದರೆ ಕಾಂಪ್ಲಿಕೇಟೆಡ್, ಅಂದರೆ ತೊಡಕಾದದ್ದು. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಈ ತೂತಿನ ಅಪಾಯ ಹೆಚ್ಚಿಸುತ್ತದೆ. (ಏಷ್ಯಾದವರಲ್ಲಿ ಚೀಲಗಳು ಬಲಗಡೆಯೂ ಬರುತ್ತವೆ, ಆಗ ಅಪೆಂಡಿಕ್ಸ್ ಅಂದುಕೊಳ್ಳುವುದು ಸುಲಭ.)

ಸಿದ್ದಾಪುರದ ಕಡೆಯ ಯಜಮಾನರೊಬ್ಬರ ಸಿ.ಟಿ.ಯಲ್ಲಿ ಸಿಗ್ಮಾಯ್ಡ್ (ದೊಡ್ಡ ಕರುಳಿನ ಕೊನೆಯ ಬಾಗು) ಕರುಳಿನ ಕೆಳಗೆ, ಕಿಬ್ಬೊಟ್ಟೆಯಲ್ಲಿ ಸುಮಾರು 5 ಸೆಂ.ಮೀ. ಕೀವು ಗಡ್ಡೆ ಕಂಡಿತು. ಈ ಕಾಯಿಲೆಯ ತೀವ್ರತೆಯನ್ನು ನಾಲ್ಕು ಹಂತವಾಗಿ ಅಳೆಯುವ, 1978ರಿಂದ ಬಳಕೆಯಲ್ಲಿರುವ ಹಿಂಚಿ ವರ್ಗೀಕರಣದಲ್ಲಿ ಇದು ಎರಡನೆಯ ಹಂತ. ಮೂರರಲ್ಲಿ ಕೀವು, ನಾಲ್ಕರಲ್ಲಿ ಮಲವೇ ಹೊಟ್ಟೆಯೊಳಗೆ ಹರಡಿರುತ್ತದೆ; ಅಲ್ಲಿ ಕಾಯುವ ಮಾತಿಲ್ಲ. ಇವರ ಹೊಟ್ಟೆ ಎಡಭಾಗ ಬಿಟ್ಟರೆ ಮೆತ್ತಗಿತ್ತು, ಬಿ.ಪಿ. ಸರಿಯಿತ್ತು. ಮಗ ಮಾತ್ರ ಕಾರಿನ ಕೀಲಿ ಕೈಯಲ್ಲಿ ಹಿಡಿದೇ ನಿಂತಿದ್ದ. “ಈಗ್ಲೇ ಮಣಿಪಾಲಕ್ಕೆ ಕರ್ಕೊಂಡು ಹೋಗ್ಲಾ ಸರ್?”

ಸೋಂಕು ಇರುವಾಗ ಕತ್ತರಿಸಿದರೆ ಎಷ್ಟೋ ಸಲ ಕರುಳನ್ನು ಜೋಡಿಸಲಾಗುವುದಿಲ್ಲ, ಮಲ ಹಿಡಿಯಲು ಹೊಟ್ಟೆಯ ಮೇಲೆ ಹೊರಗಿನ ಚೀಲ ಅಂಟಿಸಬೇಕಾಗುತ್ತದೆ ಅಂತ ಅವನಿಗೆ ವಿವರಿಸಿದೆ. 3 ಸೆಂ.ಮೀ.ಗಿಂತ ಚಿಕ್ಕ ಗಡ್ಡೆ ಸಾಮಾನ್ಯವಾಗಿ ಆಂಟಿಬಯಾಟಿಕ್‌ಗೇ ಕರಗುತ್ತದೆ. ಇದು ದೊಡ್ಡದು. ರೇಡಿಯಾಲಜಿಸ್ಟ್ ಸ್ಕ್ಯಾನ್ ನೋಡುತ್ತ ಚರ್ಮದ ಮೂಲಕವೇ ತೆಳು ನಳಿಕೆ ಇಟ್ಟು ಕೀವು ಹೊರಗೆ ಬಿಟ್ಟರು. ಜೊತೆಗೆ ಸೆಫ್ಟ್ರಿಯಾಕ್ಸೋನ್, ಮೆಟ್ರೊನಿಡಜೋಲ್ ಎಂಬ ಆಂಟಿಬಯಾಟಿಕ್‌ಗಳು, ಡ್ರಿಪ್.

ಆಪರೇಶನ್ ಮಾಡದಿರುವುದು ಸುಮ್ಮನೆ ಕೂರುವ ಕೆಲಸವಲ್ಲ. ನಾಡಿ, ಜ್ವರ, ಬಿಳಿ ರಕ್ತಕಣ, ಉರಿಯೂತ ತೋರಿಸುವ ಸಿಆರ್‌ಪಿ ರಕ್ತಪರೀಕ್ಷೆ, ನಳಿಕೆಯಲ್ಲಿ ಬಂದದ್ದು ಕೀವೋ ಮಲವೋ, ಎಲ್ಲವನ್ನೂ ನೋಡುತ್ತಿರಬೇಕು. ಹೊಟ್ಟೆಯನ್ನು ಆದಷ್ಟೂ ಒಬ್ಬರೇ ಮುಟ್ಟಿ ನೋಡಬೇಕು. ನಿನ್ನೆ ಮೆತ್ತಗಿದ್ದದ್ದು ಇವತ್ತು ಬಿಗಿದದ್ದು ಆ ಕೈಗೇ ತಿಳಿಯುತ್ತದೆ. 48ರಿಂದ 72 ಗಂಟೆಯಲ್ಲಿ ಇಳಿಮುಖ ಕಾಣದಿದ್ದರೆ ಮತ್ತೆ ಸ್ಕ್ಯಾನ್, ಇಲ್ಲವೇ ಥಿಯೇಟರ್. ಥಿಯೇಟರ್, ರಕ್ತ, ಅರಿವಳಿಕೆ ವೈದ್ಯರು ಕೈಗೆಟುಕುವಂತಿಲ್ಲದಿದ್ದರೆ ನಾನು ಈ ದಾರಿ ಹಿಡಿಯುವುದೇ ಇಲ್ಲ. ಕರುಳು ಒಡೆದವರನ್ನು ಮಳೆಗಾಲದಲ್ಲಿ ಕರಾವಳಿಯ ದೊಡ್ಡ ಆಸ್ಪತ್ರೆಗೆ ಅಂತ ದೇವಿಮನೆ ಘಟ್ಟ ಇಳಿಸುವುದಕ್ಕಿಂತ, ಹೊಟ್ಟೆ ಮೆತ್ತಗಿರುವಾಗಲೇ ಕಳಿಸುವುದು ಮೇಲು.

ಜ್ವರ ಬಿಟ್ಟಿತು, ಗಂಜಿತಿಳಿ ಹೊಟ್ಟೆಯಲ್ಲಿ ನಿಂತಿತು, ನಳಿಕೆ ತೆಗೆದೆವು. ಆರು ವಾರ ಕಳೆದ ಮೇಲೆ ಕೊಲೊನೊಸ್ಕೋಪಿ (ಕ್ಯಾಮೆರಾ ನಳಿಕೆಯಿಂದ ದೊಡ್ಡ ಕರುಳಿನ ಒಳಗೆ ನೋಡುವುದು) ಮಾಡಿಸಿದೆ. ಇದನ್ನು ಬಿಡಬಾರದು, ಕರುಳಿನ ಕ್ಯಾನ್ಸರ್ ಕೂಡ ಸಿ.ಟಿ.ಯಲ್ಲಿ ಇದೇ ವೇಷದಲ್ಲಿ ಬರುವುದುಂಟು. ಇವರಿಗೆ ಚೀಲಗಳು ಬಿಟ್ಟು ಬೇರೇನಿರಲಿಲ್ಲ.

“ಮತ್ತೆ ಬರ್ತದಾ ಡಾಕ್ಟ್ರೇ?” ಯಜಮಾನರು ಕೇಳಿದರು.

ಬರಬಹುದು ಅಂದೆ. ಕೀವು ಕಟ್ಟಿದವರಲ್ಲಿ ಮರುಕಳಿಸುವುದು ಸಾದಾ ಡೈವರ್ಟಿಕ್ಯುಲೈಟಿಸ್‌ಗಿಂತ ಹೆಚ್ಚು. ಆದರೆ ಹೊಟ್ಟೆಯೊಳಗೆ ಒಡೆದು ಹರಡುವ ಅಪಾಯ ಮೊದಲ ಸಲವೇ ಜಾಸ್ತಿ. ಸಲಸಲಕ್ಕೂ ಏರುತ್ತ ಹೋಗುವುದಿಲ್ಲ. ಎರಡು ಸಲ ಬಂದರೆ ಕತ್ತರಿಸು ಎಂಬ ಹಳೆಯ ಲೆಕ್ಕವನ್ನು ಅದಕ್ಕೇ ಬಿಟ್ಟಿದ್ದಾರೆ. ಆದರೂ ಕೀವು ಕಟ್ಟಿ ವಾಸಿಯಾದವರ ಜೊತೆ, ಪುರುಸೊತ್ತಿನಲ್ಲಿ ಮಾಡಿಸುವ ಆಪರೇಶನ್ ಬಗ್ಗೆ ಚರ್ಚಿಸಲೇಬೇಕು. ಮೂತ್ರದಲ್ಲಿ ಗಾಳಿ ಬರತೊಡಗಿದರೆ, ಅಂದರೆ ಕರುಳಿಗೂ ಮೂತ್ರಕೋಶಕ್ಕೂ ದಾರಿಯಾಗಿದ್ದರೆ, ಅಥವಾ ಕರುಳು ಕಿರಿದಾಗಿದ್ದರೆ ಔಷಧದಿಂದ ಸಾಮಾನ್ಯವಾಗಿ ಬಗೆಹರಿಯುವುದಿಲ್ಲ. ಸ್ಟಿರಾಯ್ಡ್ ತಿನ್ನುವವರು, ಕಿಡ್ನಿ ಕಸಿಯಾದವರಲ್ಲಿ ನಾನು ಬೇಗ ಕತ್ತರಿಯ ಕಡೆ ವಾಲುತ್ತೇನೆ. ಮನೆ ಎಷ್ಟು ದೂರ, ಮಳೆಗಾಲದಲ್ಲಿ ಅಲ್ಲಿಗೆ ಆಂಬುಲೆನ್ಸ್ ಹೋಗುತ್ತದೋ ಎಂಬುದೂ ನನ್ನ ಲೆಕ್ಕದಲ್ಲಿ ಸೇರುತ್ತದೆ. ಇದನ್ನು ಯಾವ ಗೈಡ್‌ಲೈನೂ ನಮಗಾಗಿ ಬರೆದುಕೊಡುವುದಿಲ್ಲ.

ಸೊಸೆ ಆಗಲೇ ಶೇಂಗಾ, ಗೋಡಂಬಿ ನಿಲ್ಲಿಸಿದ್ದರು. ಕಾಳು ಚೀಲದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು ಹಳೆಯ ನಂಬಿಕೆ, ವೈದ್ಯರೇ ಹಬ್ಬಿಸಿದ್ದು. 47,000ಕ್ಕೂ ಹೆಚ್ಚು ಗಂಡಸರನ್ನು 18 ವರ್ಷ ಗಮನಿಸಿ 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಶೇಂಗಾ-ಗೋಡಂಬಿಯಂಥ ಬೀಜ, ಮೆಕ್ಕೆಜೋಳದಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಪಥ್ಯ ಸಡಿಲಿಸಿದೆ: ನೋವಿಲ್ಲದಾಗ ಬಾಳೆದಿಂಡಿನ ಪಲ್ಯ, ಬಸಳೆ, ಹಣ್ಣು ಧಾರಾಳ, ಬೀಡಿ ಬಂದ್, ಮಂಡಿಗೆ ಪ್ಯಾರಾಸಿಟಮಾಲ್.

ಮರು ಮಳೆಗಾಲದಲ್ಲಿ ನೋವು ಮತ್ತೆ ಬಂತು. ಕೀವಿರಲಿಲ್ಲ, ಮಾತ್ರೆಗೆ ಇಳಿಯಿತು. ಈಗ ಕರುಳಿನ ಆ ತುಂಡನ್ನು ಲ್ಯಾಪರೋಸ್ಕೋಪಿಯಲ್ಲಿ (ಸಣ್ಣ ರಂಧ್ರಗಳ ಮೂಲಕ) ತೆಗೆಸಲು ಒಪ್ಪಿದ್ದಾರೆ. ತೆಗೆದ ಮೇಲೂ ಉಳಿದ ಕರುಳಲ್ಲಿ ಬರಬಹುದು, ಆದರೆ ಸಾಧ್ಯತೆ ಬಹಳ ಕಡಿಮೆ ಅಂತ ಹೇಳಿದ್ದೇನೆ. “ಅಡಿಕೆ ಕೊನೆಕೊಯ್ಲು ಒಂದು ಮುಗೀಲಿ” ಅಂದಿದ್ದಾರೆ. ಆಗಲಿ ಅಂದೆ.