ಬಿಪಿಟಿಯ ನಂತರ ಅಮೆರಿಕದ ಡಿಪಿಟಿ: ಓದಲು ಹೊರಡುವವರಿಗೊಂದು ಕೈಪಿಡಿ

ಕರ್ನಾಟಕದಲ್ಲಿ ಬಿಪಿಟಿ, ಅಂದರೆ ಫಿಸಿಯೋಥೆರಪಿಯ ಸ್ನಾತಕ ಪದವಿ ಮುಗಿಸಿ ಅಮೆರಿಕದಲ್ಲಿ ಡಾಕ್ಟರ್ ಆಫ್ ಫಿಸಿಕಲ್ ಥೆರಪಿ, ಅಂದರೆ ಡಿಪಿಟಿ ಓದಬೇಕೆಂದು ಬಯಸುವವರು ಮೊದಲು ತಿಳಿದಿರಬೇಕಾದ ಸಂಗತಿಯೆಂದರೆ ಇದು ಪಿಎಚ್‌ಡಿ ಅಲ್ಲ. ಪಿಎಚ್‌ಡಿಯಲ್ಲಿ ಒಂದು ಪ್ರಶ್ನೆಯನ್ನು ಹಿಡಿದು ವರ್ಷಗಟ್ಟಲೆ ಸಂಶೋಧನೆ ನಡೆಸಿ ಪ್ರಬಂಧ ಸಲ್ಲಿಸಬೇಕು. ಡಿಪಿಟಿಯಾದರೋ ರೋಗಿಗಳನ್ನು ನೋಡಲು ಸಜ್ಜುಗೊಳಿಸುವ ವೃತ್ತಿಪದವಿ. ಅಮೆರಿಕದ ಒಮಾಹಾ ನಗರದ ಕ್ರೈಟನ್ ವಿಶ್ವವಿದ್ಯಾಲಯ 1993ರಲ್ಲಿ ಇದನ್ನು ಪ್ರವೇಶ ಮಟ್ಟದ, ಅಂದರೆ ವೃತ್ತಿಗೆ ಕಾಲಿಡಲು ಓದುವ ಪದವಿಯಾಗಿ ಆರಂಭಿಸಿತು. 2016ರಿಂದೀಚೆಗೆ ಅಮೆರಿಕದಲ್ಲಿ ಫಿಸಿಕಲ್ ಥೆರಪಿಸ್ಟ್ (ನಮ್ಮಲ್ಲಿನ ಫಿಸಿಯೋಥೆರಪಿಸ್ಟ್) ಆಗಲು ಓದುವವರಿಗೆ ಮಾನ್ಯತೆ ಪಡೆದ ಕಾಲೇಜುಗಳು ಕೊಡುವುದು ಈ ಪದವಿಯನ್ನೇ. ಬೋಧನೆ, ಸಂಶೋಧನೆಗಳೇ ಗುರಿಯಾಗಿದ್ದರೆ ಎಂಪಿಟಿ, ಅಂದರೆ ಫಿಸಿಯೋಥೆರಪಿಯ ಸ್ನಾತಕೋತ್ತರ ಪದವಿ ಮಾಡಿ ಪಿಎಚ್‌ಡಿಗೆ ಸೇರಬಹುದು. ಅದಕ್ಕಾಗಿ ಸಮುದ್ರ ದಾಟಲೇಬೇಕೆಂದಿಲ್ಲ.

ಡಿಪಿಟಿಯಲ್ಲೂ ಎರಡು ಬಗೆಗಳಿವೆ, ಮತ್ತು ಹೆಚ್ಚಿನವರು ಎಡವುವುದು ಇಲ್ಲೇ. ಒಂದು, ಸುಮಾರು ಮೂರು ವರ್ಷ ಪೂರ್ಣಾವಧಿ ಓದಬೇಕಾದ, ಕ್ಯಾಪ್ಟಿ ಎಂಬ ಆಯೋಗದ ಮಾನ್ಯತೆ ಇರುವ ಪ್ರವೇಶ ಮಟ್ಟದ ಡಿಪಿಟಿ. ಇನ್ನೊಂದು, ಈಗಾಗಲೇ ಥೆರಪಿಸ್ಟ್ ಆಗಿರುವವರು ಬಹುಪಾಲು ಆನ್‌ಲೈನ್‌ನಲ್ಲಿ ಮುಗಿಸುವ ಟ್ರಾನ್ಸಿಷನಲ್ ಡಿಪಿಟಿ. ಎರಡನೆಯದು ಅಗ್ಗ, ಅವಧಿಯೂ ಕಡಿಮೆ ಎಂಬ ಕಾರಣಕ್ಕೆ ಸೇರಿಬಿಡುವವರಿದ್ದಾರೆ. ಆದರೆ ಅದನ್ನು ಮುಗಿಸಿದ ಮಾತ್ರಕ್ಕೆ ಅಲ್ಲಿ ವೃತ್ತಿ ನಡೆಸಲು ಬೇಕಾದ ಲೈಸೆನ್ಸ್ ಸಿಗುವುದಿಲ್ಲ. ಹೆಸರಿನ ಮುಂದೆ ‘ಡಾ.’ ಬರಬೇಕೆಂಬ ಆಸೆಗಿಂತ ಲೈಸೆನ್ಸ್ ಯಾವ ದಾರಿಯಲ್ಲಿ ಸಿಗುತ್ತದೆ ಎಂಬ ಲೆಕ್ಕ ಮೊದಲಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಬಿಪಿಟಿಯ ಬಲದ ಮೇಲೆಯೇ ಲೈಸೆನ್ಸ್ ಪಡೆಯಲು ಹೊರಟವರು ತಮ್ಮ ಓದು ಅಮೆರಿಕದ ಓದಿಗೆ ಸಮನಾಗಿದೆಯೇ ಎಂಬುದನ್ನು ವಿದೇಶಿ ಪದವಿಗಳನ್ನು ಪರಿಶೀಲಿಸುವ ಎಫ್‌ಸಿಸಿಪಿಟಿಯಂಥ ಸಂಸ್ಥೆಯಿಂದ ತೂಗಿಸಿಕೊಳ್ಳಬೇಕು. ಇಲ್ಲಿ ನಿಜವಾದ ಕೆಲಸ ಕಾಗದಪತ್ರಗಳದ್ದು. ಮಾರ್ಕ್ಸ್ ಕಾರ್ಡಿನಲ್ಲಿ ಅಂಕಗಳಿರುತ್ತವೆಯೇ ಹೊರತು ಯಾವ ವಿಷಯವನ್ನು ಎಷ್ಟು ಗಂಟೆ ಓದಿದಿರಿ, ಎಷ್ಟು ಗಂಟೆ ಪ್ರಾಯೋಗಿಕ ತರಗತಿ ನಡೆಯಿತು, ಇಂಟರ್ನ್‌ಶಿಪ್‌ನಲ್ಲಿ ಯಾವ ವಿಭಾಗದಲ್ಲಿ ಎಷ್ಟು ದಿನ ಇದ್ದಿರಿ ಎಂಬ ವಿವರ ಇರುವುದಿಲ್ಲ. ಆದ್ದರಿಂದ ನೀವು ಓದಿದ ವರ್ಷದ ಸಿಲಬಸ್ಸನ್ನೇ, ಹೊಸದನ್ನಲ್ಲ, ಸಂಪಾದಿಸಿ ಕಾಲೇಜಿನ ಮೊಹರು ಹಾಕಿಸಿಡಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಓದಿದವರು ಟ್ರಾನ್ಸ್‌ಕ್ರಿಪ್ಟನ್ನು ಇಂಟರ್ನ್‌ಶಿಪ್ ಮುಗಿದ ಕೂಡಲೇ ಕೇಳುವುದು ಒಳ್ಳೆಯದು. ಗುರುತಿನ ಮೇಷ್ಟ್ರುಗಳು ಕಾಲೇಜು ಬಿಟ್ಟು ಹೋದ ಮೇಲೆ ಇದೇ ಕೆಲಸಕ್ಕೆ ಊರಿಂದ ಬೆಂಗಳೂರಿಗೆ ಎಷ್ಟು ಸಲ ಬಸ್ ಹತ್ತಬೇಕಾಗುತ್ತದೆಯೋ ಹೇಳಲಾಗದು. ತೂಗಿದ ಮೇಲೆ ಕೊರತೆ ಕಂಡರೆ, ಆ ವಿಷಯಗಳನ್ನು ಒಳಗೊಂಡ ಟ್ರಾನ್ಸಿಷನಲ್ ಡಿಪಿಟಿಯನ್ನು ಆರಿಸಿಕೊಂಡಾಗ ಅದಕ್ಕೆ ನಿಜವಾದ ಬೆಲೆ ಬರುತ್ತದೆ.

ಪ್ರವೇಶ ಮಟ್ಟದ ಡಿಪಿಟಿಯಲ್ಲಿ ಈ ತೂಗಾಟವಿಲ್ಲ; ಬದಲಿಗೆ ಹಣ ಮತ್ತು ಸಮಯ ಎರಡೂ ಹೆಚ್ಚು ಬೇಕು. ಬಹುತೇಕ ಕಾಲೇಜುಗಳಿಗೆ ಅರ್ಜಿ ಹೋಗುವುದು ಪಿಟಿಕ್ಯಾಸ್ ಎಂಬ ಒಂದೇ ಜಾಲದ ಮೂಲಕ. ಅಂಗರಚನೆ, ಶರೀರಕ್ರಿಯೆ, ಭೌತಶಾಸ್ತ್ರ, ರಸಾಯನಶಾಸ್ತ್ರ, ಮನಃಶಾಸ್ತ್ರ, ಸಂಖ್ಯಾಶಾಸ್ತ್ರಗಳನ್ನು ಮೊದಲೇ ಓದಿರಬೇಕೆಂಬ ಷರತ್ತು ಸಾಮಾನ್ಯ. ಪಿಯುಸಿಯ ಭೌತಶಾಸ್ತ್ರವನ್ನು ಒಪ್ಪುತ್ತಾರೆಯೇ ಎಂಬುದನ್ನು ಅರ್ಜಿ ಶುಲ್ಕ ಕಟ್ಟುವ ಮೊದಲೇ ಪ್ರತಿಯೊಂದು ಕಾಲೇಜಿಗೂ ಇಮೇಲ್ ಬರೆದು ಕೇಳಿ.

ಸೇರಿದ ಮೇಲೆ, ಅಂಗರಚನೆ ಬಿಪಿಟಿಯಲ್ಲೇ ಓದಿದ್ದೇನೆ ಎಂಬ ಧೈರ್ಯ ಹೆಚ್ಚು ದಿನ ಉಳಿಯುವುದಿಲ್ಲ. ಅಲ್ಲಿ ಐವತ್ತೂ ರಾಜ್ಯಗಳಲ್ಲಿ ಯಾವುದಾದರೂ ರೂಪದಲ್ಲಿ ರೋಗಿ ವೈದ್ಯರ ಚೀಟಿಯಿಲ್ಲದೆ ಥೆರಪಿಸ್ಟ್ ಬಳಿ ಬರಬಹುದು. ಬೆನ್ನುನೋವೆಂದು ಬಂದವರ ನೋವು ಸ್ನಾಯುವಿನದೋ, ಗೆಡ್ಡೆಯದೋ, ಮೂತ್ರಪಿಂಡದ್ದೋ ಎಂದು ಅನುಮಾನಿಸಿ, ಯಾರನ್ನು ಕೂಡಲೇ ವೈದ್ಯರ ಬಳಿ ಕಳಿಸಬೇಕೆಂದು ತೀರ್ಮಾನಿಸುವ ಹೊಣೆ ಥೆರಪಿಸ್ಟ್‌ನದೇ ಆಗುತ್ತದೆ. ವೈದ್ಯರು ಬರೆದುಕೊಟ್ಟದ್ದನ್ನು ನಡೆಸಿ ರೂಢಿಯಾದವರಿಗೆ ಇದೇ ಕಷ್ಟದ ಪಾಠ. ಆದ್ದರಿಂದ ಪ್ರತಿ ಕೇಸಿನಲ್ಲೂ ಚಿಕಿತ್ಸೆಯ ಪಟ್ಟಿಗಿಂತ ಮೊದಲು ‘ಇದು ನನ್ನ ಕೈಯಲ್ಲಿ ಇಟ್ಟುಕೊಳ್ಳಬೇಕಾದ ರೋಗಿಯೇ’ ಎಂಬ ಪ್ರಶ್ನೆಗೆ ಕಾರಣಸಹಿತ ಉತ್ತರ ಬರೆದು ಅಭ್ಯಾಸ ಮಾಡಿ. ಆಸ್ಪತ್ರೆ, ಕ್ಲಿನಿಕ್‌ಗಳಲ್ಲಿ ಕನಿಷ್ಠ 30 ವಾರ ಪೂರ್ಣಾವಧಿ ತರಬೇತಿ ಇರುತ್ತದೆ. ಅಲ್ಲಿ ಬಿಲ್ ಬರೆಯುವುದನ್ನೂ ಕಲಿಯಬೇಕು: ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಯ ಲೆಕ್ಕದಲ್ಲಿ 22 ನಿಮಿಷದ ವ್ಯಾಯಾಮ ಚಿಕಿತ್ಸೆಗೆ ಬಿಲ್ಲಿನಲ್ಲಿ ಒಂದು ಯೂನಿಟ್, 23 ನಿಮಿಷಕ್ಕೆ ಎರಡು.

ಎರಡು ದಾರಿಗಳೂ ಕೂಡುವುದು ಲೈಸೆನ್ಸ್‌ಗಾಗಿ ಬರೆಯಬೇಕಾದ ಎನ್‌ಪಿಟಿಇ ಎಂಬ ರಾಷ್ಟ್ರೀಯ ಪರೀಕ್ಷೆಯಲ್ಲಿ. ವರ್ಷಕ್ಕೆ ನಾಲ್ಕು ಬಾರಿ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳಲ್ಲಿ ನಡೆಯುವ ಇದರಲ್ಲಿ 225 ಪ್ರಶ್ನೆಗಳಿಗೆ ಐದು ಗಂಟೆಗಳಲ್ಲಿ ಉತ್ತರಿಸಬೇಕು. 200ರಿಂದ 800ರ ಮಾಪನದಲ್ಲಿ 600 ಬಂದರೆ ತೇರ್ಗಡೆ. ‘ಒಮ್ಮೆ ಬರೆದು ನೋಡೋಣ’ ಎಂದು ಕೂರುವ ಪರೀಕ್ಷೆ ಇದಲ್ಲ, ಏಕೆಂದರೆ 12 ತಿಂಗಳಲ್ಲಿ ಮೂರು, ಜೀವಮಾನದಲ್ಲಿ ಆರು ಅವಕಾಶಗಳಷ್ಟೇ ಇವೆ, ಮತ್ತು ಎರಡು ಬಾರಿ 400 ಅಥವಾ ಅದಕ್ಕಿಂತ ಕಡಿಮೆ ಬಂದರೆ ಉಳಿದ ಅವಕಾಶಗಳೂ ಮುಚ್ಚಿಹೋಗುತ್ತವೆ. ಮನೆಯಲ್ಲೇ ಐದು ಗಂಟೆ ಗಡಿಯಾರ ಇಟ್ಟುಕೊಂಡು ಬರೆದ ಮಾದರಿ ಪರೀಕ್ಷೆಗಳಲ್ಲಿ ಸತತವಾಗಿ ತೇರ್ಗಡೆಯಾಗುವವರೆಗೆ ನೋಂದಣಿಯನ್ನು ಮುಂದೂಡಿ.