ಗುಲಾಬಿ ಗಾಜು ಕೊಳ್ಳುವ ಮುಂಚೆ ಬೆರಳಾಡಿಸಿ ನೋಡಿ

ಅಮೆರಿಕದಲ್ಲಿ ಮನೆಯ ಸಾಮಾನೆಲ್ಲ ಮಾರುವ ಎಸ್ಟೇಟ್ ಸೇಲ್‌ಗೋ ಆಂಟಿಕ್ ಅಂಗಡಿಗೋ ಹೋದರೆ ತಿಳಿ ಗುಲಾಬಿ ಬಣ್ಣದ ಗಾಜಿನ ತಟ್ಟೆ, ಬಟ್ಟಲು ಕಣ್ಣಿಗೆ ಬಿದ್ದೇ ಬೀಳುತ್ತವೆ. ಇದಕ್ಕೆ ಡಿಪ್ರೆಷನ್ ಗ್ಲಾಸ್ ಅಂತಾರೆ. 1930ರ ದಶಕದಲ್ಲಿ, ಡಿಪ್ರೆಷನ್ ಎಂಬ ಆರ್ಥಿಕ ಕುಸಿತದಿಂದ ಜನರ ಕೈಯಲ್ಲಿ ಕಾಸಿಲ್ಲದಾಗ, ಯಂತ್ರದಲ್ಲಿ ಅಚ್ಚೊತ್ತಿ ಮಾಡಿದ ಅಗ್ಗದ ಪಾತ್ರೆಗಳಿವು. ಓಟ್ಸ್ ಡಬ್ಬಿಯೊಳಗೇ ಇಟ್ಟು ಕೊಡುತ್ತಿದ್ದರು. ಸಿನಿಮಾ ಮಂದಿರಗಳಲ್ಲಿ ಕೆಲವು ದಿನ ಟಿಕೆಟ್ ಜೊತೆ ಒಂದು ತಟ್ಟೆ ಸಿಗುತ್ತಿತ್ತು. ಕಷ್ಟದ ಮನೆಯ ಮೇಜಿಗೂ ಬಣ್ಣ ತಂದ ಗಾಜು ಅಂತಲೇ ನನಗೆ ಇದರ ಮೇಲೆ ಪ್ರೀತಿ ಜಾಸ್ತಿ.

ಚೆನ್ನಾಗಿದೆ ಅಂತ ಸುಮ್ನೆ ದುಡ್ಡು ಕೊಟ್ಟುಬಿಡಬೇಡಿ. ಮೊದಲು ಅಂಚಿನ ಸುತ್ತ ಬೆರಳ ತುದಿಯನ್ನು ಮೆಲ್ಲಗೆ ಆಡಿಸಿ. ಕಣ್ಣಿಗೆ ಕಾಣದ ಸಣ್ಣ ಮುಕ್ಕು ಬೆರಳಿಗೆ ಸಿಗುತ್ತದೆ. ಮುಚ್ಚಳವಿದ್ದರೆ ಒಳಗಿನ ಅಂಚನ್ನೂ ಮುಟ್ಟಿ ನೋಡಿ, ಪೆಟ್ಟು ಬೀಳುವುದೇ ಅಲ್ಲಿ. ಗಾಜಿನೊಳಗಿನ ಚಿಕ್ಕ ಗುಳ್ಳೆ, ಅಚ್ಚು ಕೂಡಿದ ಗೆರೆ ಇವೆಲ್ಲ ಹುಟ್ಟಿನಿಂದಲೇ ಬಂದವು. ಅವಕ್ಕೆ ಬೇಡ ಅನ್ನಬೇಡಿ.

ಮಬ್ಬು ಮಾತ್ರ ಸರಿಯಾಗಿ ನೋಡಬೇಕು. ಗಡಸು ನೀರಿನ ಕಲೆಯಾದರೆ ವಿನೆಗರ್ ಬೆರೆಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿದರೆ ಹೆಚ್ಚಾಗಿ ಬಿಡುತ್ತದೆ. ಡಿಶ್‌ವಾಷರ್‌ಗೆ ಹಾಕಿ ಹಾಕಿ ಗಾಜಿನ ಮೈಯೇ ಸವೆದಿದ್ದರೆ ಅದು ಮನೆಯ ಯಾವ ಉಪಾಯಕ್ಕೂ ಹೋಗುವುದಿಲ್ಲ. ಒದ್ದೆಯಾಗಿದ್ದಾಗ, ಎಣ್ಣೆ ಸವರಿದಾಗ ಈ ಮಬ್ಬು ಅಡಗಿಬಿಡುತ್ತದೆ. ಹಾಗಾಗಿ ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಅಂಗಡಿಯವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ, ದುಡ್ಡು ನಿಮ್ಮದು ಅಲ್ವಾ?

ಎಲ್ಲ ವಿನ್ಯಾಸದ ಹಿಂದೆ ಓಡದೆ ಒಂದನ್ನೇ ಹಿಡಿಯಿರಿ. ಓಹಾಯೊದ ಲ್ಯಾಂಕಾಸ್ಟರ್ ಊರಿನ ಹಾಕಿಂಗ್ ಕಂಪನಿಯ ವಿನ್ಯಾಸ ಮೇಫೇರ್‌ನಲ್ಲಿ ಗುಲಾಬಿ ಹೂವಿದೆ. ನನಗೆ ಇಷ್ಟವಾದದ್ದು ಚೆರಿ ಹೂವು, ಎಲೆಗಳಿರುವ ಚೆರಿ ಬ್ಲಾಸಮ್. 1930ರಿಂದ 1939ರವರೆಗೆ ಪೆನ್ಸಿಲ್ವೇನಿಯಾದ ಜಿನೆಟ್ ಎಂಬ ಊರಿನಲ್ಲಿ ಮಾಡಿದ್ದು. ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿಬರುವ ನಮ್ಮವರಿಗೆ ಆ ಊರು ದೂರವೇನಲ್ಲ. ಈ ವಿನ್ಯಾಸಕ್ಕೆ 1970ರ ದಶಕದಿಂದ ನಕಲುಗಳೂ ಬಂದಿವೆ. ಅಸಲಿಯಲ್ಲಿ ಎಲೆಯ ಅಂಚು ಗರಗಸದ ಹಲ್ಲಿನಂತೆ, ನರಗಳು ನಿಜವಾದ ಎಲೆಯ ಹಾಗೆ ಸ್ಪಷ್ಟ. ಎಷ್ಟೋ ನಕಲುಗಳಲ್ಲಿ ಎಲೆ ಒರಟಾಗಿರುತ್ತದೆ. ಅಸಲಿಯೊಂದು ಮನೆಯಲ್ಲಿದ್ದರೆ ಕಣ್ಣು ತಾನೇ ಪಳಗುತ್ತದೆ.

ತಂದಮೇಲೆ ಬೀರುವಿನಲ್ಲೇ ಇಟ್ಟು ಪೂಜೆ ಮಾಡಬೇಡಿ, ಬಳಸಿ. ಕೋಸಂಬರಿ, ಹೆಚ್ಚಿದ ಹಣ್ಣು, ತಣ್ಣನೆಯ ಪಾಯಸಕ್ಕೆ ಹೇಳಿ ಮಾಡಿಸಿದ ಬಟ್ಟಲುಗಳಿವು. ಕುದಿಯುವ ಸಾರು, ಬಿಸಿ ಕಾಫಿ ಸುರಿದರೆ ಸೀಳಬಹುದು. ಮೈಕ್ರೋವೇವ್, ಓವನ್, ಡಿಶ್‌ವಾಷರ್ ಮೂರೂ ಬೇಡ. ತೊಳೆಯುವಾಗ ಸಿಂಕಿನ ತಳಕ್ಕೆ ಟವೆಲ್ ಹಾಸಿ, ಬಳೆ ಉಂಗುರ ತೆಗೆದಿಟ್ಟು, ಉಗುರುಬೆಚ್ಚಗಿನ ನೀರಿನಲ್ಲಿ ಒಂದೊಂದನ್ನೇ ತೊಳೆಯಿರಿ. ಸ್ಟೀಲಿನ ಸ್ಕ್ರಬ್ಬರ್ ಹತ್ತಿರ ತರಬೇಡಿ. ತಟ್ಟೆಗಳ ನಡುವೆ ಹತ್ತಿ ಬಟ್ಟೆಯ ತುಂಡು ಇಟ್ಟು ಜೋಡಿಸಿ. ಕಪ್ಪುಗಳನ್ನು ಒಂದರೊಳಗೊಂದು ಸಿಕ್ಕಿಸಬೇಡಿ, ಹಿಡಿ ಮುರಿಯುತ್ತದೆ.

ಇನ್ನೊಂದು ವಿಷಯ. ಮುಚ್ಚಳವಿರುವ ಬೆಣ್ಣೆ ತಟ್ಟೆಯ ಬರೀ ತಳ ಕಡಿಮೆಗೆ ಸಿಕ್ಕಿತು ಅಂತ ಕೊಳ್ಳಬೇಡಿ. ಒಡೆದುಹೋಗಿರುವುದು ಸಾಮಾನ್ಯವಾಗಿ ಮುಚ್ಚಳವೇ. ಆಮೇಲೆ ಅದಕ್ಕೆ ಕೂಡುವ ಮುಚ್ಚಳವನ್ನು ಹುಡುಕಿ ಕೊಳ್ಳುವುದಕ್ಕೆ, ಜೋಡಿಯಾಗಿ ಕೊಳ್ಳುವುದಕ್ಕಿಂತ ಜಾಸ್ತಿ ಖರ್ಚಾಗಬಹುದು.